‘ಸಮಯದ ಅಭಾವದಿಂದ’ ಕೇಳದೇ ಉಳಿದ ಒಂದು ಪ್ರಶ್ನೆ

ಕರಾವಳಿಯಲ್ಲಿ ಸಾಹಿತ್ಯ ಉತ್ಸವ ನಡೆಸುವ ಎಲ್ಲ ಸಂಘಟಕರಿಗೆ,

ನಮಸ್ಕಾರ.

ಮಳೆ ನಿಂತು ಅಂಗಳ ಒಣಗಿತು ಅಂದರೆ ನಮ್ಮ ಕಡೆ ಎರಡು ತಿರುಗಾಟ ಶುರುವಾಗುತ್ತದೆ. ಒಂದು ಯಕ್ಷಗಾನ ಮೇಳಗಳದ್ದು, ಇನ್ನೊಂದು ಸಾಹಿತಿಗಳದ್ದು. ಮೇಳದವರು ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತಾರೆ. ಸಾಹಿತಿಗಳಿಗೆ ಹಾಗೊಂದು ದಿನ ಇಲ್ಲ. ಇರಲಿ, ಅದಕ್ಕೆ ನನ್ನ ತಕರಾರಿಲ್ಲ.

ಈ ಸಲ ಮಂಗಳೂರಿನಲ್ಲಿ ಎರಡು ದಿನ ನಡೆದ ಒಂದು ಸಾಹಿತ್ಯ ಉತ್ಸವಕ್ಕೆ ಉಡುಪಿಯಿಂದ ಬಸ್ಸು ಹಿಡಿದು ಎರಡೂ ದಿನ ಹೋಗಿ ಬಂದೆ. ಉತ್ಸವದ ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಸಂಘಟಕರು ‘ಓ, ಇದು ನಮಗಲ್ಲ’ ಅಂತ ಪುಟ ಮಗುಚುತ್ತಾರೆ. ಅಲ್ಲಿ ಕಂಡದ್ದನ್ನು ನಾನು ಉಡುಪಿಯಲ್ಲೂ ಕಂಡಿದ್ದೇನೆ, ಕುಂದಾಪುರದಲ್ಲೂ ಕಂಡಿದ್ದೇನೆ. ಆದ್ದರಿಂದ ಪತ್ರ ಎಲ್ಲರಿಗೂ.

ನಾನು ಯಾರು ಅಂದರೆ, 28 ವರ್ಷ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡಿದವಳು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚುಕೂಟ ಹಾಕಿದ್ದು 1841ರಲ್ಲಿ. 1843ರ ಜುಲೈ 1ಕ್ಕೆ ಅದೇ ಮಿಷನ್ನಿನ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು. ಅಂದಿನಿಂದ ಈ ಜಿಲ್ಲೆಯಲ್ಲಿ ಯಾರಾದರೊಬ್ಬರು ಎಲ್ಲಾದರೊಂದು ಮೂಲೆಯಲ್ಲಿ ಕೂತು ಪ್ರೂಫ್ ನೋಡುತ್ತಲೇ ಇದ್ದಾರೆ. ಆ ಸಾಲಿನ ಕೊನೆಯ ಬೆಂಚಿನವಳು ನಾನು. ಸೇರಿದಾಗ ಅಚ್ಚಿನ ಮೊಳೆ ಜೋಡಿಸುವವರಿದ್ದರು, ಬಿಡುವಾಗ ಕಂಪ್ಯೂಟರ್ ಬಿಟ್ಟರೆ ಬೇರೇನೂ ಇರಲಿಲ್ಲ. ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಹಾಗಾಗಿ ಈ ಪತ್ರದಲ್ಲಿ ತಪ್ಪು ಹುಡುಕುವುದು ಸ್ವಲ್ಪ ಜಾಸ್ತಿ ಕಂಡರೆ ಕ್ಷಮಿಸಬೇಕು. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ‘ಉಧ್ಘಾಟನೆ’ ಅಂತ ಇತ್ತು. ಎರಡು ದಿನವೂ ಆ ಮಹಾಪ್ರಾಣದ ಸೀಳು ನನ್ನ ಕಣ್ಣಿಗೆ ಮುಳ್ಳಿನ ಹಾಗೆ ಚುಚ್ಚುತ್ತಾ ಇತ್ತು. ಅಷ್ಟು ದೊಡ್ಡ ಅಕ್ಷರದಲ್ಲಿ ತಪ್ಪು ಮಾಡಲಿಕ್ಕೂ ಧೈರ್ಯ ಬೇಕು ಮಾರಾಯ್ರೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಪ್ರವೇಶಕ್ಕೆ ದುಡ್ಡಿರಲಿಲ್ಲ. ಶೌಚಾಲಯ ಶುಚಿಯಾಗಿತ್ತು. ಹೆಂಗಸರು ಇದನ್ನು ಮೊದಲು ನೋಡುತ್ತೇವೆ, ಆಮೇಲೆ ಸಾಹಿತ್ಯ. ಚಾ ಕೇಳಿದಷ್ಟು ಸಲ ಕೊಟ್ಟರು. ಕಾಲೇಜು ಮಕ್ಕಳು ತುಂಬಾ ಬಂದಿದ್ದರು, ಹಾಜರಿಗೋಸ್ಕರ ಬಂದವರೂ ಅರ್ಧ ದಿನದ ನಂತರ ಸುಮ್ನೆ ಕೂತು ಕೇಳಿದರು. ಏಸಿ ಮಾತ್ರ ಜಾಸ್ತಿಯಾಯ್ತು. ವೇದಿಕೆಯ ಮೇಲೆ ಅಷ್ಟು ಶಾಲು ಹೊದೆಸುತ್ತಿದ್ದೀರಲ್ಲ, ನಿಜವಾಗಿ ಶಾಲು ಬೇಕಿದ್ದದ್ದು ಹಿಂದಿನ ಸಾಲಿನಲ್ಲಿದ್ದ ನಮಗೆ.

ನನ್ನ ಕೈಯಲ್ಲಿ ಯಾವಾಗಲೂ ಒಂದು ಸಣ್ಣ ನೋಟ್‌ಪುಸ್ತಕ ಇರುತ್ತದೆ. ಕೇಳಿದ ಮಾತು ಹಿಡಿಸಿದರೆ ಬರೆದುಕೊಳ್ಳುತ್ತೇನೆ. ಮನೆಗೆ ಬಂದು, ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅದನ್ನು ಇನ್ನೊಮ್ಮೆ ಓದುವುದು ಅಭ್ಯಾಸ. ಸಂಜೆಯ ಪ್ರೂಫನ್ನು ಬೆಳಿಗ್ಗೆ ಇನ್ನೊಮ್ಮೆ ನೋಡಬೇಕು ಅಂತ ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಮಾತಿಗೂ ಅದೇ ನಿಯಮ. ಈ ಸಲ ಹಾಗೆ ಓದುವಾಗ ಒಂದು ವಿಚಿತ್ರ ಕಂಡಿತು. ಸಭಾಂಗಣ ತಟ್ಟಿ ಮೆಚ್ಚಿದ ಮಾತುಗಳಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆಗೆ ಹಳಸಿದ್ದವು. ಉಳಿದದ್ದು ಬೇರೆಯೇ ಮಾತುಗಳು.

ಒಂದು ಉದಾಹರಣೆ. ಮೊದಲ ದಿನ ಒಬ್ಬ ದೊಡ್ಡ ಅತಿಥಿಗಳು, ‘ಪುಸ್ತಕ ಓದದವನು ಮನುಷ್ಯನೇ ಅಲ್ಲ’ ಅಂದರು. ಏನು ಚಪ್ಪಾಳೆ! ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಬಸ್ಸಿನಲ್ಲಿ ಮೂಲ್ಕಿ ದಾಟುವಾಗ ಅಮ್ಮನ ನೆನಪಾಯಿತು.

ನನ್ನ ಅಮ್ಮನಿಗೆ ಓದು ಬರುತ್ತಿರಲಿಲ್ಲ. ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಮಡಿಲಲ್ಲಿ ತಡ್ಪೆ ಅಂದರೆ ಮೊರ, ಅದರಲ್ಲಿ ಒಂದು ಕಡೆ ಕತ್ತರಿಸಿದ ಎಲೆ, ಇನ್ನೊಂದು ಕಡೆ ಹೊಗೆಸೊಪ್ಪಿನ ಹುಡಿ, ತುದಿಯಲ್ಲಿ ನೂಲಿನ ಉಂಡೆ. ಕೈ ತನ್ನಷ್ಟಕ್ಕೆ ಸುರುಳಿ ಸುತ್ತುತ್ತಿತ್ತು, ಕಿವಿ ನನ್ನ ಕಡೆ. ನಾನು ವಾರಪತ್ರಿಕೆಯ ಧಾರಾವಾಹಿ ಜೋರಾಗಿ ಓದಬೇಕು. ಬ್ರಾಂಚಿಗೆ ಬೀಡಿ ಕೊಂಡುಹೋಗುವ ಹೊತ್ತಾದರೂ, ‘ಆ ಹುಡುಗಿ ಬಾವಿಕಟ್ಟೆಯ ಹತ್ತಿರ ಎಂತಕ್ಕೆ ಹೋದಳು, ಅದು ಹೇಳು ಮೊದಲು’ ಅನ್ನುತ್ತಿದ್ದರು. ಬರೆದವರು ಆ ಕಾರಣವನ್ನು ಎಲ್ಲೂ ಹೇಳಿರುತ್ತಿರಲಿಲ್ಲ. ಅಮ್ಮ ಬಿಡುತ್ತಿರಲಿಲ್ಲ. ‘ಹೇಳದೇ ಇದ್ದರೆ ಅವರಿಗೂ ಗೊತ್ತಿಲ್ಲ ಅಂತ ಲೆಕ್ಕ’ ಅಂತ ತೀರ್ಪು ಕೊಟ್ಟು ಎದ್ದುಹೋಗುತ್ತಿದ್ದರು. ರಾತ್ರಿ ಬಯಲಾಟ ನೋಡಿ ಬಂದರೆ ಭೀಷ್ಮ ಹೇಳಿದ್ದು ಸರಿಯಾ, ಅಂಬೆ ಹೇಳಿದ್ದು ಸರಿಯಾ ಅಂತ ಎರಡು ದಿನ ಜಗಳ. ಈಗ ಹೇಳಿ, ಈ ಹೆಂಗಸು ಮನುಷ್ಯರ ಪಟ್ಟಿಯಲ್ಲಿ ಉಂಟಾ ಇಲ್ವಾ? ಆ ಅತಿಥಿಗಳಿಗೆ ಇದನ್ನು ಕೇಳಬೇಕಿತ್ತು. ಕೇಳುವ ಅವಕಾಶ ಇರಲಿಲ್ಲ. ಭಾಷಣ ಮುಗಿದ ಕೂಡಲೇ ಅವರನ್ನು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದರು.

ಇನ್ನು ಬೆಳಿಗ್ಗೆಗೂ ಹಳಸದೆ ಉಳಿದ ಮಾತುಗಳು.

ಅನುವಾದದ ಗೋಷ್ಠಿಯಲ್ಲಿ ಒಬ್ಬರು ಅನುವಾದಕಿ, ‘ಮಾರಾಯ್ರೆ ಅನ್ನುವ ಒಂದು ಶಬ್ದಕ್ಕೆ ಇಂಗ್ಲಿಷ್ ಹುಡುಕುತ್ತಾ ಮೂರು ದಿನ ಹಾಳು ಮಾಡಿದೆ. ಕೊನೆಗೆ ಹಾಗೆಯೇ ಬಿಟ್ಟೆ. ಮನೆಗೆ ಬಂದ ನೆಂಟರಿಗೆ, ನಿಮ್ಮ ಹೆಸರು ಕಷ್ಟ, ಬೇರೆ ಇಟ್ಟುಕೊಳ್ಳಿ ಅಂತ ಹೇಳ್ತೇವಾ?’ ಅಂದರು. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಆ ‘ಹಾರ್ಟ್ ಲ್ಯಾಂಪ್’ ಅನುವಾದಿಸಿದ ಕೊಡಗಿನ ದೀಪಾ ಭಾಸ್ತಿಯವರೂ ಎಷ್ಟೋ ಕನ್ನಡ ಶಬ್ದಗಳನ್ನು ಹಾಗೆಯೇ ಉಳಿಸಿದ್ದಾರೆ. ಇಟಾಲಿಕ್ ಕೂಡ ಮಾಡಿಲ್ಲ. ನನಗೆ ಇದು ಎಷ್ಟು ದೊಡ್ಡ ವಿಷಯ ಅಂತ ನಿಮಗೆ ಹೇಗೆ ತಿಳಿಸಲಿ! ಇಂಗ್ಲಿಷ್ ಪ್ರೂಫಿನಲ್ಲಿ ಇಡ್ಲಿ, ಸೀರೆ, ಅಜ್ಜಿ ಅಂತ ಬಂದ ಕಡೆಯೆಲ್ಲ ಅಡಿಗೆರೆ ಎಳೆದು ‘ಓರೆ ಮಾಡಿ’ ಅಂತ ಪಕ್ಕದಲ್ಲಿ ಬರೆಯುವುದೇ ನನ್ನ ಕೆಲಸವಾಗಿತ್ತು. ನಮ್ಮ ಅಜ್ಜಿಯನ್ನು ನಾನೇ ಎಷ್ಟು ಸಲ ಓರೆ ಮಾಡಿದ್ದೇನೋ ಲೆಕ್ಕವಿಲ್ಲ. ಆ ಬಹುಮಾನದ 50,000 ಪೌಂಡನ್ನು ಲೇಖಕಿ ಮತ್ತು ಅನುವಾದಕಿಗೆ ಸಮಪಾಲು ಕೊಡುತ್ತಾರೆ ಅನ್ನುವುದೂ ಗೋಷ್ಠಿಯಲ್ಲಿ ಬಂತು. ಆದರೆ ನಿಮ್ಮ ಕಾರ್ಯಕ್ರಮದ ಕರಪತ್ರದಲ್ಲಿ ಅನುವಾದಕಿಯ ಹೆಸರು ‘ಮತ್ತಿತರರು’ ಅನ್ನುವುದರೊಳಗೆ ಸೇರಿಹೋಗಿತ್ತು. ಕರಪತ್ರದ ಪ್ರೂಫ್ ಯಾರು ನೋಡಿದ್ದು?

ಪುಸ್ತಕದ ಮಳಿಗೆಯಲ್ಲಿ ಕೂತಿದ್ದ ಮಾರಾಟದವರ ಒಂದು ಮಾತು. ‘ಅಕ್ಕ, ಪುಸ್ತಕ ಕೈಗೆತ್ತಿಕೊಂಡವರು ಯಾವ ಪುಟ ನೋಡ್ತಾರೆ ಅಂತ ನೋಡಿ. ಹಿಂದಿನ ರಕ್ಷಾಪುಟ ತಿರುಗಿಸಿ ಬೆಲೆ ನೋಡಿದರೆ ತೆಗೆದುಕೊಳ್ಳುವವರು. ಮುಖಪುಟ ಎದೆಗೆ ಹಿಡಿದರೆ ಫೋಟೋದವರು.’ ಅರ್ಧ ಗಂಟೆ ಪಕ್ಕದಲ್ಲಿ ನಿಂತು ನೋಡಿದೆ. ಒಂದು ಸಲವೂ ಅವರ ಲೆಕ್ಕ ತಪ್ಪಲಿಲ್ಲ.

ಹೊರಗೆ ಆಟೋದವರು, ಹೂವಿನ ಕಮಾನು ನೋಡಿ, ‘ಒಳಗೆ ಎಂತ, ಮದುವೆಯಾ?’ ಅಂತ ಕೇಳಿದರು. ಸಾಹಿತ್ಯ ಅಂದೆ. ‘ಹೌದಾ, ಊಟ ಉಂಟಲ್ಲ?’ ಅಂದರು. ಇತ್ತು, ಚೆನ್ನಾಗಿಯೇ ಇತ್ತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎರಡನೆಯ ದಿನ ಮಧ್ಯಾಹ್ನ, ಊಟವಾಗಿ ಎಲ್ಲರ ಕಣ್ಣು ಎಳೆಯುತ್ತಿದ್ದ ಹೊತ್ತಿಗೆ, ತಾಳಮದ್ದಳೆಯ ಒಬ್ಬ ಹಿರಿಯ ಅರ್ಥಧಾರಿಗಳನ್ನು ಮಾತಿಗೆ ಕೂರಿಸಿದ್ದಿರಿ. ತಾಳಮದ್ದಳೆ ಗೊತ್ತಿಲ್ಲದವರು ಕರಾವಳಿಯಲ್ಲಿ ಕಡಿಮೆ. ಆದರೂ ಹೊರಗಿನ ಓದುಗರಿಗಾಗಿ ಒಂದು ಮಾತು. ಅದು ವೇಷ ಇಲ್ಲದ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಪಾತ್ರಧಾರಿಗಳು, ಅಂದರೆ ಅರ್ಥಧಾರಿಗಳು, ಪಂಚೆ ಅಂಗಿಯಲ್ಲಿ ಕೂತು ಮಾತಾಡುತ್ತಾರೆ. ಒಬ್ಬರು ಕೃಷ್ಣ, ಎದುರಿಗೆ ಕೌರವ. ಮಾತು ಬರೆದುಕೊಂಡು ಬಂದದ್ದಲ್ಲ. ಕೃಷ್ಣ ಎಲ್ಲಿ ನಿಲ್ಲಿಸುತ್ತಾನೋ ಅಲ್ಲಿಂದ ಕೌರವ ಎತ್ತಿಕೊಳ್ಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಇದ್ದ ಕಾಲದಲ್ಲಿ ಈ ಮಾತು ಕೇಳಲಿಕ್ಕೆಂದೇ ಜನ ರಾತ್ರಿ ನಿದ್ದೆ ಬಿಟ್ಟು ಕೂರುತ್ತಿದ್ದರು. ಕತೆಯ ಕೊನೆ ಎಲ್ಲರಿಗೂ ಗೊತ್ತು, ಸಂಧಾನ ಮುರಿಯುತ್ತದೆ, ಯುದ್ಧ ಆಗುತ್ತದೆ. ಆದರೂ ಇವತ್ತು ಕೌರವ ಎಂತ ಉತ್ತರ ಕೊಡುತ್ತಾನೆ ಅನ್ನುವುದು ಗೊತ್ತಿರುವುದಿಲ್ಲ.

ಆ ಹಿರಿಯರು ಹೇಳಿದ್ದು ಇದು. ‘ಎದುರಿನವನಿಗೆ ಮಾತು ಸಿಗದ ಹಾಗೆ ಮಾಡಿದರೆ ನಾನು ಗೆದ್ದೆ ಅಂತ ಅಲ್ಲ. ಅವನು ಬಾಯಿ ಮುಚ್ಚಿ ಕೂತರೆ ಆಮೇಲೆ ನಾನೊಬ್ಬನೇ ಕೂತು ಎಂತ ಮಾಡುವುದು? ಪ್ರಸಂಗ ಅಲ್ಲಿಗೇ ಸತ್ತಿತು.’

ಇದಕ್ಕೆ ಚಪ್ಪಾಳೆ ಬರಲಿಲ್ಲ. ಜನ ತೂಕಡಿಸುತ್ತಿದ್ದರು. ನಾನು ಬರೆದುಕೊಂಡೆ, ಕೆಳಗೆ ಎರಡು ಗೆರೆ ಎಳೆದೆ.

ಯಾಕೆ ಅಂದರೆ ನಿಮ್ಮ ಗೋಷ್ಠಿಗಳಲ್ಲಿ ಎದುರಿನವರೇ ಇಲ್ಲ. ಸಾಲಾಗಿ ಕೂತದ್ದೇನೋ ತಾಳಮದ್ದಳೆಯ ಹಾಗೆಯೇ. ಆದರೆ ನಾಲ್ಕು ಜನ ನಾಲ್ಕು ಭಾಷಣ ಜೇಬಿನಲ್ಲಿ ಇಟ್ಟುಕೊಂಡು ಬಂದಿರುತ್ತಾರೆ. ಮೊದಲನೆಯವರು ಮಾತಾಡುವಾಗ ಎರಡನೆಯವರು ತಮ್ಮ ಕಾಗದಕ್ಕೆ ಗೆರೆ ಎಳೆಯುತ್ತಿರುತ್ತಾರೆ, ಮೂರನೆಯವರು ಮೊಬೈಲ್ ನೋಡುತ್ತಿರುತ್ತಾರೆ. ನಾಲ್ಕನೆಯವರು ‘ನನಗಿಂತ ಮೊದಲು ಮಾತಾಡಿದವರು ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ’ ಅಂತ ಶುರು ಮಾಡಿ ಎಲ್ಲವನ್ನೂ ಇನ್ನೊಮ್ಮೆ ಹೇಳುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡದ್ದು, ‘ಇಲ್ಲ, ನನಗೆ ಹಾಗೆ ಕಾಣುವುದಿಲ್ಲ’ ಅಂದದ್ದು ಎರಡು ದಿನದಲ್ಲಿ ನಾನು ಕೇಳಿದ್ದು ಒಂದೇ ಸಲ. ಅದೂ ಅನುವಾದಕಿಯೇ. ಸಂಚಾಲಕರು ಕೂಡಲೇ, ‘ಇರಲಿ, ಎರಡೂ ಸರಿ’ ಅಂತ ನೀರು ಹಾಕಿದರು.

ಉಳಿದದ್ದು ಕೇಳುಗರು. ಅವರಾದರೂ ಎದುರಿನವರಾಗಬಹುದಲ್ವಾ? ಅದಕ್ಕೆ ನಿಮ್ಮಲ್ಲಿ ಹೊತ್ತಿಲ್ಲ. ಒಂದು ಗೋಷ್ಠಿಯನ್ನು ಗಡಿಯಾರ ಹಿಡಿದು ನೋಡಿದೆ. ಕರಪತ್ರದ ಪ್ರಕಾರ 45 ನಿಮಿಷ. ಹಿಂದಿನದು ಎಳೆದ ಕಾರಣ 20 ನಿಮಿಷ ತಡವಾಗಿ ಶುರು. ಸಂಚಾಲಕರು ನಾಲ್ವರ ಪರಿಚಯ ಓದಿದ್ದಕ್ಕೆ 11 ನಿಮಿಷ, ಅದರಲ್ಲಿ ಪ್ರಶಸ್ತಿಗಳ ಪಟ್ಟಿಯೇ ಜಾಸ್ತಿ. ಹೂವು, ಶಾಲು, ಸ್ಮರಣಿಕೆ, ಫೋಟೋಕ್ಕೆ ನಿಂತದ್ದು 7 ನಿಮಿಷ. ಉಳಿದದ್ದರಲ್ಲಿ ನಾಲ್ಕು ಭಾಷಣ. ಆಮೇಲೆ ಆ ಪ್ರಸಿದ್ಧ ವಾಕ್ಯ, ‘ಸಮಯದ ಅಭಾವದಿಂದ ಸಂವಾದವನ್ನು ಇಲ್ಲಿಗೇ ಮೊಟಕುಗೊಳಿಸುತ್ತಿದ್ದೇವೆ’. ಎರಡು ದಿನದಲ್ಲಿ ಇದನ್ನು 9 ಸಲ ಕೇಳಿದೆ. ನೋಟ್‌ಪುಸ್ತಕದಲ್ಲಿ ಗೆರೆ ಹಾಕಿ ಎಣಿಸಿದ್ದೇನೆ, ಬೇಕಾದರೆ ತೋರಿಸುತ್ತೇನೆ. ಶಾಲಿಗೆ ಒಮ್ಮೆಯೂ ಸಮಯದ ಅಭಾವ ಆಗಲಿಲ್ಲ, ಗಮನಿಸಿ.

ನನ್ನ ಜೊತೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಎರಡನೆಯ ವರ್ಷದ ಪಿಯುಸಿ, ವಿಜ್ಞಾನ. ಮನೆಯಲ್ಲಿ ‘ಸಿಇಟಿಗೆ ಓದುವುದು ಬಿಟ್ಟು ಎಂತ ಸಾಹಿತ್ಯ’ ಅಂದದ್ದಕ್ಕೆ ನಾನು ಜಾಮೀನು ನಿಂತು ಕರೆದುಕೊಂಡು ಹೋದದ್ದು. ನಮ್ಮ ಕಡೆಯವರೇ ಆದ ಒಬ್ಬ ಕಾದಂಬರಿಕಾರರು ಆ ದಿನ ಬರುವವರಿದ್ದರು. ಅವರ ಒಂದು ಕಾದಂಬರಿಯನ್ನು ಅವಳು ಎರಡು ಸಲ ಓದಿದ್ದಾಳೆ. ಬಸ್ಸಿನಲ್ಲಿ ಲ್ಯಾಬ್ ರೆಕಾರ್ಡಿನ ಹಾಳೆ ಹರಿದು ಒಂದು ಪ್ರಶ್ನೆ ಬರೆದಳು. ಹೊಡೆದು ಹಾಕಿ ಇನ್ನೊಂದು ಹಾಳೆಯಲ್ಲಿ ಬರೆದಳು. ಪಡುಬಿದ್ರಿಯಿಂದ ಸುರತ್ಕಲ್‌ವರೆಗೆ ಮೂರು ಹಾಳೆ ಹೋಯಿತು. ‘ಆಂಟಿ, ಕೇಳುವಾಗ ಎದ್ದು ನಿಲ್ಲಬೇಕಾ? ಮೊದಲು ನಮಸ್ಕಾರ ಹೇಳಬೇಕಾ?’ ಅಂತ ಕೇಳಿದಳು. ಹೇಳು ಮಗಾ, ಎರಡೂ ಮಾಡು ಅಂದೆ.

ಗೋಷ್ಠಿ ಮುಗಿಯುವಾಗ ಸಂಚಾಲಕರು ‘ಒಂದೆರಡು ಪ್ರಶ್ನೆ ತೆಗೆದುಕೊಳ್ಳುವ’ ಅಂದರು. ಹುಡುಗಿ ಕೂಡಲೇ ಎದ್ದು ನಿಂತಳು. ಕೈಯಲ್ಲಿ ನಾಲ್ಕಾಗಿ ಮಡಿಚಿದ ಹಾಳೆ. ಮೈಕ್ ಹಿಡಿದ ಸ್ವಯಂಸೇವಕ ನಮ್ಮ ಸಾಲಿನ ತುದಿವರೆಗೆ ಬಂದಿದ್ದ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬರು ಹಿರಿಯರು ಕೈ ಬೀಸಿ ಅವನನ್ನು ಕರೆದರು. ಪಾಪ, ಅವನು ತಾನೇ ಎಂತ ಮಾಡಿಯಾನು, ತಿರುಗಿ ಹೋದ. ಹಿರಿಯರು ಮೈಕ್ ತೆಗೆದುಕೊಂಡು, ‘ಇದು ಪ್ರಶ್ನೆ ಅಲ್ಲ, ಒಂದು ಅಭಿಪ್ರಾಯ’ ಅಂದರು. ಆ ವಾಕ್ಯ ಕೇಳಿದ ಕೂಡಲೇ ನನಗೆ ಗೊತ್ತಾಯಿತು, ನಮ್ಮ ಕತೆ ಮುಗಿಯಿತು ಅಂತ. 6 ನಿಮಿಷ ಮಾತಾಡಿದರು. ತಾವು ಬರೆದ ಮೂರು ಕವನ ಸಂಕಲನಗಳ ಹೆಸರು ಹೇಳಿದರು, ಒಂದು ಚೌಪದಿಯನ್ನೂ ಹೇಳಿದರು. ಅಷ್ಟು ಹೊತ್ತೂ ಹುಡುಗಿ ನಿಂತೇ ಇದ್ದಳು. ಎದ್ದ ಮೇಲೆ ಹೇಗೆ ಕೂರುವುದು ಅಂತ ಗೊತ್ತಾಗದೆ ನಿಂತಿದ್ದಳು. ಹಾಳೆಯ ಮಡಿಕೆ ಬಿಚ್ಚುವುದು, ಮತ್ತೆ ಮಡಿಚುವುದು. ಆಮೇಲೆ ಸಮಯದ ಅಭಾವ. ಕಾದಂಬರಿಕಾರರಿಗೆ ಶಾಲು. ಜನ ಎದ್ದರು, ಕುರ್ಚಿಗಳು ಸದ್ದು ಮಾಡಿದವು. ಅವಳು ಯಾವಾಗ ಕೂತಳೋ ನಾನು ನೋಡಲಿಲ್ಲ.

ಬರುವಾಗ ಬಸ್ಸಿನಲ್ಲಿ ಅವಳಿಗೆ ಸಮಾಧಾನ ಹೇಳಲಿಕ್ಕೆ ಮನೋರಮೆಯ ಕತೆ ಹೇಳಿದೆ. ಪಠ್ಯದಲ್ಲಿ ಓದಿದ್ದಾಳೆ, ಆದರೆ ಪರೀಕ್ಷೆಗೆ ಓದಿದ್ದು ಬೇರೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು. 1901ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 31 ವರ್ಷ. ‘ರಾಮಾಶ್ವಮೇಧ’ದಲ್ಲಿ ಮಳೆಗಾಲದ ಒಂದು ದಿನ ಮುದ್ದಣ ಹೆಂಡತಿ ಮನೋರಮೆಗೆ ಕತೆ ಹೇಳಲಿಕ್ಕೆ ಕೂರುತ್ತಾನೆ. ಕವಿಯ ಗತ್ತಿನಲ್ಲಿ ಸಂಸ್ಕೃತ ತುಂಬಿಸಿ ಶುರು ಮಾಡುತ್ತಾನೆ. ಮನೋರಮೆ ಅಲ್ಲೇ ತಡೆಯುತ್ತಾಳೆ. ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು, ಕನ್ನಡದಲ್ಲಿ ಹೇಳು ಅಂತಾಳೆ. ಮುದ್ದಣ ಸಿಟ್ಟು ಮಾಡುವುದಿಲ್ಲ, ಮಾತಿನ ದಾರಿ ಬದಲಿಸುತ್ತಾನೆ. ಉಡುಪಿಯಲ್ಲಿ ಕೈ ಎತ್ತಿದ ಮೊದಲ ಕೇಳುಗಿ ಅವಳೇ ಇರಬೇಕು. ಅವಳಿಗೆ ಮೈಕ್ ಸಿಗದೇ ಹೋಗಿದ್ದರೆ ಆ ಪುಸ್ತಕ ಓದುವ ಪಾಡು ಬೇಡವಾಗಿತ್ತು.

ಹುಡುಗಿ ನಕ್ಕಳು. ‘ಆದರೆ ಆಂಟಿ, ಮನೋರಮೆಯನ್ನು ಬರೆದದ್ದೂ ಮುದ್ದಣನೇ ಅಲ್ವಾ?’ ಅಂದಳು. ಹೌದು. ತನ್ನನ್ನು ತಡೆಯುವವಳನ್ನು ತಾನೇ ಬರೆದುಕೊಂಡ. ನಿಮ್ಮ ವೇದಿಕೆಯ ಮೇಲೆ ಕೂರುವ ಎಷ್ಟು ಜನರಿಗೆ ಆ ಧೈರ್ಯ ಉಂಟು? ಇದೂ ನೋಟ್‌ಪುಸ್ತಕಕ್ಕೆ ಹೋಯಿತು, ಹುಡುಗಿಯ ಹೆಸರಿನಲ್ಲಿ.

ಸರಿ, ಬೈದದ್ದಾಯಿತು. ಏನು ಮಾಡಬಹುದು ಅಂತಲೂ ಹೇಳಬೇಕಲ್ಲ. ನಾಲ್ವರ ಜಾಗದಲ್ಲಿ ಇಬ್ಬರನ್ನು ಕೂರಿಸಿ. ಖರ್ಚೂ ಉಳಿಯುತ್ತದೆ. ಪರಿಚಯ ಕರಪತ್ರದಲ್ಲಿ ಅಚ್ಚಾಗಿಯೇ ಇದೆ, ಓದಿ ಹೇಳುವುದು ಬೇಡ, ನಮಗೆ ಓದಲಿಕ್ಕೆ ಬರುತ್ತದೆ. ಶಾಲು ಹಾರವನ್ನು ಊಟದ ಹಾಲಿನಲ್ಲಿ ಒಟ್ಟಿಗೇ ಮುಗಿಸಿ. ಗೋಷ್ಠಿಯ ಕೊನೆಯ 20 ನಿಮಿಷ ಕೇಳುಗರದ್ದು, ಅದನ್ನು ಯಾರೂ ಮುಟ್ಟಬಾರದು. ಚೀಟಿಯಲ್ಲಿ ಬರೆದು ಕೊಡುವ ವ್ಯವಸ್ಥೆ ಮಾಡಿದರೆ ಮಾತಾಡಲು ಅಂಜುವ ಮಕ್ಕಳಿಗೂ ಅನುಕೂಲ. ‘ಪ್ರಶ್ನೆ ಅಲ್ಲ, ಅಭಿಪ್ರಾಯ’ದವರಿಗೆ ಬೇಕಾದರೆ ಬೇರೆಯೇ ಒಂದು ಕೋಣೆ ಕೊಡಿ, ಅಲ್ಲಿ ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ.

ಮತ್ತೆ ಒಬ್ಬ ಭಾಗವತರು ಬೇಕು. ಇದು ತಮಾಷೆಗೆ ಹೇಳಿದ್ದಲ್ಲ. ನಮ್ಮಲ್ಲಿ ಭಾಗವತರನ್ನು ‘ಮೊದಲನೇ ವೇಷ’ ಅಂತಾರೆ. ಆಟ ನಡೆಸುವವರು ಅವರು. ಅರ್ಥಧಾರಿ ಎಷ್ಟೇ ದೊಡ್ಡವರಾಗಲಿ, ಮಾತು ಹಳಿ ತಪ್ಪಿ ಉದ್ದವಾಯಿತು ಅಂತ ಕಂಡರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಅಲ್ಲಿಗೆ ಮಾತು ನಿಲ್ಲಬೇಕು. ಯಾರಿಗೂ ಅವಮಾನ ಆಗುವುದಿಲ್ಲ, ಯಾಕೆಂದರೆ ಅದು ಪದ್ಧತಿ. ನಿಮ್ಮ ಸಂಚಾಲಕರು ಚೀಟಿ ಕಳಿಸುತ್ತಾರೆ, ಕೆಮ್ಮುತ್ತಾರೆ, ಗಡಿಯಾರ ತೋರಿಸುತ್ತಾರೆ, ಭಾಷಣಕಾರರು ‘ಇನ್ನು ಎರಡೇ ಮಾತು’ ಅಂತ 10 ನಿಮಿಷ ಮಾತಾಡುತ್ತಾರೆ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ ಯಕ್ಷಗಾನದ, ಭಾಗವತರ ಕೈಯಲ್ಲಿರುವ ಹಾಗೆ ಒಂದು ಜಾಗಟೆ ಕೊಟ್ಟು ನೋಡಿ.

ಇನ್ನೊಂದೇ ವಿಷಯ. ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಕುಂದಾಪ್ರ ಕನ್ನಡ ಎಲ್ಲ ಸೇರಿಸಿ ‘ಬಹುಭಾಷಾ ಕವಿಗೋಷ್ಠಿ’ ಅಂತ ಮಾಡಿ, ಅದನ್ನು ಊಟದ ಹೊತ್ತಿಗೆ ಸಣ್ಣ ಹಾಲಿನಲ್ಲಿ ಇಡುವುದು ಯಾಕೆ? ಒಳಗೆ 30 ಜನ ಇದ್ದೆವು. ಅದರಲ್ಲಿ ಓದುವವರೇ ಅರ್ಧ. ಬ್ಯಾರಿ ಭಾಷೆಯ ಒಬ್ಬ ಕವಯಿತ್ರಿ ಕವನ ಓದಿದ ಮೇಲೆ ನಿರೂಪಕರು, ಎಲ್ಲರಿಗೂ ಅರ್ಥವಾಗುವ ಹಾಗೆ ಕನ್ನಡದಲ್ಲಿ ಸಾರಾಂಶ ಹೇಳಿ ಅಂದರು. ಆಕೆ ನಗುತ್ತಲೇ ಹೇಳಿದರು, ‘ಇಲ್ಲ ಸಾರ್, ಹೇಳುವುದಿಲ್ಲ. ಮೂವತ್ತು ವರ್ಷದಿಂದ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೋಗುವವರು ನೀವು. ಅಷ್ಟಾದರೂ ಅರ್ಥ ಆಗಬೇಕು.’ ಎಲ್ಲರೂ ನಕ್ಕರು. ನನಗೆ ನಗು ಅರ್ಧಕ್ಕೇ ನಿಂತಿತು. ಮೊನ್ನೆ ಮೊನ್ನೆವರೆಗೆ ನಮ್ಮ ಮನೆಗೆ ಮೀನು ತರುತ್ತಿದ್ದವರ ಭಾಷೆ ಅದು. ನನಗೆ ಬರುವುದು ನಾಲ್ಕು ಶಬ್ದ. ಬೂತಾಯಿಯ ರೇಟು ಕೇಳುವಷ್ಟು.

ಇದನ್ನು ಹೇಳಿದ್ದಕ್ಕೆ ಕಾರಣ ಉಂಟು. ಹುಡುಗಿಯ ಪ್ರಶ್ನೆಯೂ ಇದರ ಬುಡದ್ದೇ. ಕೊಂಕಣಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ 1992ರಲ್ಲಿ ಸೇರಿತು, ತುಳು ಇನ್ನೂ ಹೊರಗೇ ನಿಂತಿದೆ. ವೇದಿಕೆಯಲ್ಲಿ ಈ ಬಗ್ಗೆ ಆವೇಶದ ಭಾಷಣ ಆಯಿತು. ಆಗಲಿ, ಆ ಬೇಡಿಕೆ ನ್ಯಾಯದ್ದೇ. ಆದರೆ ತುಳುವಿಗೆ ಬಾಸೆಲ್ ಮಿಷನ್ನಿನ ಮ್ಯಾನರ್ 1886ರಲ್ಲೇ ನಿಘಂಟು ಮಾಡಿದ್ದಾರೆ. ನಮ್ಮ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 6 ಸಂಪುಟಗಳ ತುಳು ನಿಘಂಟು ಬಂದಿದೆ. ಶಬ್ದ ಎಲ್ಲ ಕಪಾಟಿನಲ್ಲಿ ಉಂಟು. ಅದು ಕತೆಯೊಳಗೆ ಯಾಕೆ ಬರುವುದಿಲ್ಲ, ಬರೆಯುವವರ ತಲೆಯೊಳಗೆ ಏನಾಗುತ್ತದೆ ಅಂತ ಆವೇಶದ ಭಾಷಣದವರು ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಬಂದವಳು ನಿಂತು ನಿಂತು ಕೂತಳು.

ಆ ಹಾಳೆಯನ್ನು ಅವಳು ಬಸ್ಸಿನಲ್ಲೇ ಬಿಟ್ಟು ಇಳಿಯುತ್ತಿದ್ದಳು. ನಾನು ಎತ್ತಿ ಚೀಲದಲ್ಲಿ ಹಾಕಿಕೊಂಡೆ. ಈಗ ಅವಳ ಒಪ್ಪಿಗೆ ಕೇಳಿ ಇಲ್ಲಿ ಬರೆಯುತ್ತಿದ್ದೇನೆ. ಒಂದು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು, ಅದನ್ನೊಂದು ಸರಿ ಮಾಡಿದ್ದೇನೆ, ಅಭ್ಯಾಸ ಬಿಡುವುದಿಲ್ಲ. ಉಳಿದದ್ದು ಅವಳು ಬರೆದ ಹಾಗೆಯೇ.

‘ಸರ್, ನಮಸ್ಕಾರ. ನಿಮ್ಮ ಕಾದಂಬರಿಯ ಅಜ್ಜಿ ಮನೆಯಲ್ಲಿ ತುಳು ಮಾತಾಡುವವರು ಅಂತ ನೀವೇ ಬರೆದಿದ್ದೀರಿ. ಆದರೆ ಪುಸ್ತಕದಲ್ಲಿ ಅವರು ಕೊನೆಯವರೆಗೂ ಕನ್ನಡವೇ ಮಾತಾಡ್ತಾರೆ. ಬರೆಯುವಾಗ ನಿಮಗೆ ಅವರ ಮಾತು ಮೊದಲು ತುಳುವಿನಲ್ಲಿ ಕೇಳಿಸುತ್ತದಾ, ಅಥವಾ ಸೀದಾ ಕನ್ನಡದಲ್ಲೇ ಬರುತ್ತದಾ? ತುಳುವಿನಲ್ಲಿ ಕೇಳಿಸಿದ್ದರೆ, ಕನ್ನಡಕ್ಕೆ ತರುವಾಗ ಬಿಟ್ಟುಹೋದ ಒಂದು ಮಾತು ಯಾವುದು ಅಂತ ಹೇಳಬಹುದಾ? ನನ್ನ ಅಜ್ಜಿಗೆ ಹೇಳಬೇಕಿತ್ತು.’

ಆ ಕಾದಂಬರಿಕಾರರ ವಿಳಾಸ ನಿಮ್ಮಲ್ಲಿ ಇರುತ್ತದೆ, ಶಾಲು ಹೊದೆಸಿದವರು ನೀವೇ ಅಲ್ವಾ. ದಯವಿಟ್ಟು ಇದನ್ನು ತಲುಪಿಸಿ. ಮಾರ್ಚಿನಲ್ಲಿ ಹುಡುಗಿಗೆ ಪರೀಕ್ಷೆ ಉಂಟು, ಅದಕ್ಕಿಂತ ಮೊದಲು ಉತ್ತರ ಬಂದರೆ ಒಳ್ಳೆಯದಿತ್ತು. ಅಜ್ಜಿಗೆ 86.

ಇತಿ,
ಹಿಂದಿನ ಸಾಲಿನ ಒಬ್ಬ ಓದುಗಿ,
ಉಡುಪಿ